ಬೋರ್ಡಿನ ಮೇಲಿನ ಮಂಚೂರಿಯಾ

ಕಾದ ಎಣ್ಣೆಗೆ ಬೆಳ್ಳುಳ್ಳಿ ಬಿದ್ದು, ಅದರ ಮೇಲೆ ಸೋಯಾ ಸಾಸ್ ಸುರಿದ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ಅಮೆರಿಕದ ಸ್ಯಾನ್ ಡಿಯೇಗೋ ಊರಿನ ಕರ್ನಿ ಮೆಸಾ ಬಡಾವಣೆಯಲ್ಲಿ ಅಬ್ಬಾ ಪುಟ್ಟ ಹೋಟೆಲು ನಡೆಸುತ್ತಿದ್ದರು. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಕಟ್ಟಡದ ಮಾಲೀಕರು ಲ್ಯೂ ಅಂಕಲ್. ಚೀನಾದ ಈಶಾನ್ಯದಲ್ಲಿ ಹುಟ್ಟಿ, ಜಪಾನಿ ಸೈನಿಕರ ಕೈಯಲ್ಲಿ ಅಪ್ಪನನ್ನು ಕಳೆದುಕೊಂಡು ಓಡಿಬಂದ ಮುದುಕರು. ದಿನಾ ಸಂಜೆ ಅಮ್ಮಿ ಕೊಟ್ಟ ಚಹಾ ಕುಡಿಯುತ್ತ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಆ ಊರಿನಲ್ಲಿ ನನಗೆ ಅಜ್ಜ ಅಂತ ಇದ್ದವರು ಅವರೊಬ್ಬರೇ.

ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗರು ಒಂದು ದಿನ, "ಅಂಕಲ್, ಗೋಬಿ ಮಂಚೂರಿ ಮಾಡ್ರೀ, ಭಾಳ ದಿನಾ ಆತು ತಿಂದು" ಎಂದು ಗೋಗರೆದರು. ಮೈಸೂರಿನ ತಳ್ಳುಗಾಡಿಗಳ ಮುಂದೆ ನಿಂತು ತಿಂದಿದ್ದ ಅಬ್ಬಾ ಅದನ್ನು ಅಪ್ಪಟ ಚೀನಾ ತಿಂಡಿ ಎಂದೇ ನಂಬಿದ್ದರು. ನಮ್ಮವರಲ್ಲದೆ ಇನ್ಯಾರು ಹಾಗೆ ನಂಬುತ್ತಾರೆ! ಮಂಚೂರಿಯಾ ಅವರು ಹುಟ್ಟಿದ ಸೀಮೆಯ ಹೆಸರಲ್ಲವೇ, ಲ್ಯೂ ಅಂಕಲ್‌ಗೆ ಖುಷಿಯಾಗಲಿ ಎಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ 'ಮಂಚೂರಿಯಾದ ರುಚಿ' ಎಂದು ಬರೆಸಿದರು.

ಲ್ಯೂ ಅಂಕಲ್ ಬಾಗಿಲಲ್ಲೇ ನಿಂತುಬಿಟ್ಟರು. ಅದು ಹೊರಗಿನವರು ಕರೆದ ಹೆಸರು, ಅದನ್ನೇ ಹೇಳಿಕೊಂಡು ಜಪಾನಿನವರು ನಮ್ಮ ಸೀಮೆಯನ್ನು ಚೀನಾದಿಂದ ಕಿತ್ತುಕೊಂಡರು, ನಾವು ಈಶಾನ್ಯ ಅಂತಷ್ಟೇ ಅನ್ನುತ್ತೇವೆ, ಅಳಿಸಿಬಿಡಿ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿಕೊಂಡರು. ಅಳಿಸಿದ್ದರೆ ಮುಗಿಯುತ್ತಿತ್ತು. ಅಬ್ಬಾ ಲೈಬ್ರರಿಯಿಂದ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ತಂದು ಅವರ ಮುಂದೆ ಹರಡಿದರು. ಇತಿಹಾಸ, ಪ್ರವಾಸದ ಕಥೆ, ಹಳೆಯ ಭೂಪಟ, ಎಲ್ಲದರಲ್ಲೂ ಮಂಚೂರಿಯಾ. ಪುಸ್ತಕಗಳೆಲ್ಲ ಹೀಗೇ ಹೇಳುತ್ತವಲ್ಲ ಎಂದರು. ಬರೆದವರು ಯಾರೂ ಅಲ್ಲಿಂದ ಓಡಿಬಂದವರಲ್ಲ ಎಂದು ಹೇಳಿ, ಲ್ಯೂ ಅಂಕಲ್ ಚಹಾ ಮುಟ್ಟದೆ ಎದ್ದುಹೋದರು.

"ಒಂದ್ ಹೆಸರಿಗೋಸ್ಕರ ಮನುಷ್ಯರನ್ನ ಕಳ್ಕೋತೀರಾ?" ಎಂದು ಅಮ್ಮಿ ಕೇಳಿದರು.

"ನಾನೇನ್ ಬೈದ್ನಾ? ಅವರ ಊರನ್ನ ಮೆರೆಸ್ದೆ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಏನು ಹೇಳುವುದು? ಲ್ಯೂ ಅಂಕಲ್ ನಮ್ಮನ್ನು ಮನೆ ಬಿಡಿಸಲಿಲ್ಲ, ಬಾಡಿಗೆ ಏರಿಸಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೇ. ನಾನು ಲೆಕ್ಕದ ಪುಸ್ತಕ ತೆರೆದಿಟ್ಟು ಆ ಕುರ್ಚಿಯನ್ನೇ ನೋಡುತ್ತಿದ್ದೆ. ಅಬ್ಬಾನ ಮೇಲೆ ಆಗ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಮರುವರ್ಷ ಲ್ಯೂ ಅಂಕಲ್ ತೀರಿಕೊಂಡರು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಅವರ ಮಗ, ಅಂತ್ಯಕ್ರಿಯೆಗೆ ಬಂದವರಿಗೆಲ್ಲ ಅಪ್ಪನ ಫೋಟೋ ಇದ್ದ ಕಾರ್ಡು ಹಂಚಿದ. ಹುಟ್ಟಿದ ಸ್ಥಳ ಮಂಚೂರಿಯಾ ಎಂದು ಅದರಲ್ಲಿ ಅಚ್ಚಾಗಿತ್ತು. ಅಬ್ಬಾ ಅವನನ್ನು ಪಕ್ಕಕ್ಕೆ ಕರೆದು, ನಿಮ್ಮಪ್ಪನಿಗೆ ಈ ಹೆಸರು ಆಗುತ್ತಿರಲಿಲ್ಲ ಎಂದರು. ಅವನು ತಬ್ಬಿಬ್ಬಾಗಿ, ಪುಸ್ತಕಗಳೆಲ್ಲ ಹೀಗೇ ಹೇಳುತ್ತವಲ್ಲ ಎಂದ.

ಅಬ್ಬಾ ಮನೆಗೆ ಬಂದವರೇ ಏಣಿ ಹತ್ತಿ ಬೋರ್ಡು ಇಳಿಸಿದರು. ಅದನ್ನು ನೋಡಬೇಕಾದವರು ಇರಲಿಲ್ಲ.