ಜಪಾನಿನ ರೋಲರ್ ಕೋಸ್ಟರೂ ನಮ್ಮ ಮೇಷ್ಟರೂ

ಹತ್ತಿಬಿಟ್ಟೆ! ಜಪಾನಿನ ಬೆಟ್ಟದಷ್ಟೆತ್ತರದ ರೋಲರ್ ಕೋಸ್ಟರನ್ನು ಇವತ್ತು ಮೊಮ್ಮಗಳು ಸಿಂಚನಾಳ ಪಕ್ಕದಲ್ಲಿ ಕೂತು ಹತ್ತಿ, ನೆಟ್ಟಗೆ ಇಳಿದು ಬಂದೆ. ತ್ಯಾಮಗೊಂಡ್ಲಿನ ತೋಟದವನಾದ ನನಗೆ ಈ ಹುಚ್ಚು ಹಿಡಿಸಿದವಳೇ ಅವಳು. ಬೆಂಗಳೂರಿನ ಪಾರ್ಕಿನಲ್ಲಿ ಇಬ್ಬರೂ ಎಷ್ಟು ಸಲ ಹತ್ತಿದ್ದೇವೋ!

ಇಲ್ಲಿ ಬಾಗಿಲಲ್ಲೇ ಒಂದು ಬೋರ್ಡಿತ್ತು. ಓದಿದ ಸಿಂಚನಾಳ ಮುಖ ಸಣ್ಣದಾಯಿತು.

"ತಾತ, ಅರವತ್ತೈದು ತುಂಬಿದವ್ರನ್ನ ಹತ್ತಿಸಲ್ವಂತೆ."

"ನಿಮ್ಗೆ ಅರವತ್ತಾರು ಕಣ್ರೀ, ಸುಮ್ನೆ ಬನ್ನಿ" ಎಂದಳು ನನ್ನ ಹೆಂಡತಿ.

ಇಷ್ಟು ದೂರ ಬಂದು ಹತ್ತದೆ ಹೋಗುವುದೇ? ನೇರ ಟಿಕೆಟ್ ಮೇಜಿನ ಮುಂದೆ ಹೋಗಿ ನಿಂತೆ. ಮೇಜಿನ ಹಿಂದಿದ್ದ ಹುಡುಗಿ ನನ್ನ ಬಿಳಿ ಕೂದಲು ನೋಡಿ ಪಾಸ್‌ಪೋರ್ಟ್ ಕೇಳಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಪ್ರಸಾದ ಕೊಡುವಂತೆ ಎರಡೂ ಕೈಯಲ್ಲಿ ಅದನ್ನು ಹಿಂದಿರುಗಿಸಿ, ಸೊಂಟ ಬಗ್ಗಿಸಿ ನಮಸ್ಕರಿಸಿ ದಾರಿ ಬಿಟ್ಟಳು. ಪಾಸ್‌ಪೋರ್ಟಿನ ಪ್ರಕಾರ ನನಗೆ ಅರವತ್ತನಾಲ್ಕೇ!

ನಮ್ಮ ಕಾಲದಲ್ಲಿ ತಲೆಯ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟಿದರೆ ಮಾತ್ರ ಶಾಲೆಗೆ ಸೇರಿಸುತ್ತಿದ್ದರು. ನನ್ನ ಮೋಟುಗೈ ಕಿವಿಗೆ ಎಟುಕಲು ಎರಡು ವರ್ಷ ತಡವಾಯಿತು. ಎಟುಕಿದ ದಿನ ಮೇಷ್ಟರು, "ಬಾರೋ, ಇವತ್ತಿಗೆ ನಿಂಗೆ ಆರು ತುಂಬ್ತು" ಎಂದು ಬರೆದುಕೊಂಡರು. ಓದಿದ್ದು ನಾಲ್ಕನೇ ಕ್ಲಾಸಷ್ಟೇ. ಆದರೂ ಆ ಪುಣ್ಯಾತ್ಮರ ಋಣ ದೊಡ್ಡದು. ತುದಿಯಿಂದ ಬಂಡಿ ಧುಮುಕಿದಾಗ ನಾನು "ಮೇಷ್ಟ್ರೇ!" ಎಂದೇ ಕೂಗಿದೆನಂತೆ.

ಸಂಜೆ ರೂಮಿನಲ್ಲಿ ಮಗ, ಸೊಸೆ, ಎಲ್ಲರೂ ಸುತ್ತ ಕೂತು ಊರಿಂದ ತಂದ ಹಿಟ್ಟಿನ ಮುದ್ದೆ ಉಂಡೆವು. ಕಂಬಿ ಹಿಡಿದ ನನ್ನ ಕೈ ಇನ್ನೂ ನಡುಗುತ್ತಿತ್ತು. ಸಿಂಚನಾ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಗಿಟ್ಟಳು.