ಎರಡು ಗಾಲಿಯೋ, ನಾಲ್ಕು ಗಾಲಿಯೋ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಮಿಕ್ಸಿ ಸುಟ್ಟುಹೋಯಿತು. ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು. ಮಿಕ್ಸಿಯ ಬುಡದಿಂದ ತೆಳ್ಳಗೆ ಹೊಗೆ ಎದ್ದಿತು, ಅದರ ಬೆನ್ನಿಗೇ ಸುಟ್ಟ ವಾರ್ನಿಶ್ಶಿನ ವಾಸನೆ. ಯಾರಾದರೂ ಮೂಗು ಮುಚ್ಚಿಕೊಳ್ಳುವಂಥ ವಾಸನೆ ಅದು. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದುಕೊಂಡೆ. "ಕಿಡಕಿ ತೆಗೀರಿ ಅಂದ್ರ ನಿಂತು ಮೂಸಾಕ ಹತ್ತೀರಲ್ಲ!" ಎಂದು ಹೆಂಡತಿ ಬೈದಳು. ಕಿಟಕಿ ತೆಗೆದೆ. ವಾಸನೆ ಹೋಯಿತು, ಸಿರುಗುಪ್ಪದ ಆ ಅಂಗಡಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ...

ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೇಳು. ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅವ್ವ ಕುರುಗೋಡಿನಲ್ಲಿ, ನಾನು ಬಳ್ಳಾರಿಯ ಬಾಡಿಗೆ ಕೋಣೆಯಲ್ಲಿ. ಕುವೈತಿನಲ್ಲಿ ಕೆಲಸಕ್ಕಿದ್ದ ಅಕ್ಕನ ಗಂಡ ಆ ವರ್ಷ ರಜೆಗೆ ಬಂದಾಗ ಮನೆಯವರಿಗೆಲ್ಲ ಸೀರೆ, ಸೆಂಟು, ಟಾರ್ಚು ಹಂಚಿ, ನನ್ನ ಮುಂದೆ ಒಂದು ದೊಡ್ಡ ರಟ್ಟಿನ ಡಬ್ಬಿ ಇಟ್ಟರು. ಅದರೊಳಗೆ ರೇಡಿಯೋ ರಿಮೋಟಿನಿಂದ ಓಡಿಸುವ ಒಂದು ಮೊಳದ ಲಾರಿ, ಬಿಡಿಬಿಡಿಯಾಗಿ. ಮಕ್ಕಳ ಆಟಿಕೆಯಲ್ಲ ಅದು. ಹೊರದೇಶದಲ್ಲಿ ಮೀಸೆ ಬಂದವರೇ ಕೂತು ಜೋಡಿಸಿ ಮೈದಾನದಲ್ಲಿ ಓಡಿಸುತ್ತಾರೆ ಎಂದು ಭಾವ ಹೇಳಿದರು.

ತೊಂದರೆ ಶುರುವಾದದ್ದು ಅದರೊಳಗಿನ ಚೀಟಿಯಿಂದ. ಲಾರಿಯನ್ನು ಎರಡು ಬಗೆಯಲ್ಲಿ ಜೋಡಿಸಬಹುದಿತ್ತು. ಮೋಟರಿನ ಬಲ ಹಿಂದಿನ ಎರಡು ಗಾಲಿಗಷ್ಟೇ ಹೋಗುವಂತೆ ಮಾಡಬಹುದು. ಇಲ್ಲವೇ ಬೇರೆ ಪೊಟ್ಟಣದಲ್ಲಿದ್ದ ಉಕ್ಕಿನ ದಂಡವನ್ನೂ ಹಲ್ಲುಚಕ್ರಗಳನ್ನೂ ಸೇರಿಸಿ ನಾಲ್ಕೂ ಗಾಲಿ ಎಳೆಯುವಂತೆ ಮಾಡಬಹುದು. ಎರಡು ಗಾಲಿಯದಾದರೆ ಹಗುರ, ಓಟ ಜೋರು, ಮುರಿಯುವ ಭಾಗ ಕಡಿಮೆ. ಆದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ, ಕಲ್ಲು ಸಿಕ್ಕರೆ ನಿಲ್ಲುತ್ತದೆ. ನಾಲ್ಕರದು ಕಲ್ಲು ಹತ್ತುತ್ತದೆ, ಮರಳಲ್ಲೂ ನಡೆಯುತ್ತದೆ. ಆದರೆ ಭಾರ, ಬ್ಯಾಟರಿ ಬೇಗ ಮುಗಿಯುತ್ತದೆ. ನಾನೋ, ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿಯೋ ಇಡ್ಲಿಯೋ ಎಂದು ಕೇಳಿದರೆ ಪಕ್ಕದವರ ತಟ್ಟೆ ನೋಡುವ ಗಿರಾಕಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಆ ಕಡೆ ಎರಡು, ಈ ಕಡೆ ನಾಲ್ಕು ಎಂದು ಗುಣದೋಷ ಬರೆಯುತ್ತ ಹದಿನೈದು ದಿನ ಕಳೆದೆ.

ಅಷ್ಟರಲ್ಲಿ ತಾಳ್ಮೆ ತಪ್ಪಿ ಒಂದು ದಿನ ಮೋಟರನ್ನಷ್ಟೇ ಸ್ಕೂಟರಿನ ಬ್ಯಾಟರಿಗೆ ಕೊಟ್ಟು ತಿರುಗಿಸಿದೆ. ಸಾಲದೆಂದು, ಬಲವೆಷ್ಟಿದೆ ನೋಡೋಣವೆಂದು ಅದರ ತಿರುಗುವ ಕಡ್ಡಿಯನ್ನು ಇಕ್ಕಳದಿಂದ ಹಿಡಿದೆ. ನಾಲ್ಕು ಸೆಕೆಂಡಿನಲ್ಲಿ ಹೊಗೆ. ವಿದ್ಯುತ್ತಿನ ಪಾಠ ಹೇಳುವ ಮೇಷ್ಟ್ರು! ಕಾಲೇಜಿನಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಬಳ್ಳಾರಿಯ ವೈಂಡಿಂಗ್ ಅಂಗಡಿಯವರು ಆ ಹೆಬ್ಬೆರಳುದ್ದದ ಮೋಟರ್ ನೋಡಿ ನಕ್ಕರು. ಅವರದೆಲ್ಲ ಪಂಪ್‌ಸೆಟ್ಟಿನ ಕೆಲಸ. ಒಬ್ಬರು ಮಾತ್ರ, ಸಿರುಗುಪ್ಪದಲ್ಲಿ ಒಬ್ಬ ಯಜಮಾನರಿದ್ದಾರೆ, ಟೇಪ್‌ರೆಕಾರ್ಡರಿನ ಮೋಟರನ್ನೂ ಸುತ್ತುತ್ತಾರೆ, ಅಲ್ಲಿ ಕೇಳಿ ನೋಡಿ ಎಂದರು.

ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಸಿರುಗುಪ್ಪದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಅಂಗಡಿಯ ಮುಂದೆ ದೇಶನೂರು, ಹಚ್ಚೊಳ್ಳಿ ಕಡೆಯ ಗದ್ದೆಗಳಿಂದ ಬಂದ ಮೋಟರುಗಳು ಕೆಸರು ಮೆತ್ತಿಕೊಂಡು ಸಾಲಾಗಿ ಕೂತಿದ್ದವು. ಹಣೆ ತುಂಬ ವಿಭೂತಿ, ದಪ್ಪ ಕನ್ನಡಕದ ಯಜಮಾನರು ನನ್ನ ಮೋಟರನ್ನು ಕಣ್ಣಿಗಲ್ಲ, ಮೂಗಿಗೆ ಹಿಡಿದರು. "ಸುಟ್ಟೈತಿ" ಎಂದು ಹಿಂದಿನ ಪರದೆಯ ಕಡೆ ಚಾಚಿದರು. ಪರದೆಯ ಆಚೆಯಿಂದ ಬಳೆಯಿಲ್ಲದ, ತೋರುಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು.

ಸುತ್ತುವವರು ಅವರು, ಯಜಮಾನರ ಮಗಳು. ಅಪ್ಪನ ಕಣ್ಣು ಮಂಜಾಗಿ ಆರು ವರ್ಷವಾಗಿತ್ತು. ಅಂದಿನಿಂದ ಊರಿನ ಮೋಟರುಗಳೆಲ್ಲ ಅವರ ಕೈಯಲ್ಲೇ ತಿರುಗುತ್ತಿದ್ದವು. ನನಗಿಂತ ಒಂದು ವರ್ಷ ಚಿಕ್ಕವರಿರಬಹುದು. ತಂತಿಗೆ ತಾಗುತ್ತವೆಂದು ಕೆಲಸದ ಹೊತ್ತಿನಲ್ಲಿ ಬಳೆ ತೆಗೆದಿಡುತ್ತಿದ್ದರು. ಲಾರಿಯ ಕತೆಯನ್ನೆಲ್ಲ ನಾನು ಯಜಮಾನರಿಗೆ ಹೇಳಿದ್ದನ್ನು ಒಳಗಿಂದಲೇ ಕೇಳಿಸಿಕೊಂಡಿದ್ದರು. ಪರದೆ ಸರಿಸಿ ನನ್ನನ್ನು ನೇರ ನೋಡಿ, "ಎರಡು ಗಾಲಿಗೇನ್ರಿ, ನಾಕಕ್ಕೇನ್ರಿ?" ಎಂದು ಕೇಳಿದರು. ಅದಕ್ಕೂ ಸುತ್ತುವುದಕ್ಕೂ ಏನು ಸಂಬಂಧ ಎಂದೆ. ಎರಡು ಗಾಲಿಗಾದರೆ ದಪ್ಪ ತಂತಿ, ಕಡಿಮೆ ಸುತ್ತು. ಮೋಟರ್ ಜೋರಾಗಿ ತಿರುಗುತ್ತದೆ. ನಾಲ್ಕಕ್ಕಾದರೆ ಭಾರ ಹೆಚ್ಚು. ಸಣ್ಣ ತಂತಿ ಹಿಡಿದು ಹೆಚ್ಚು ಸುತ್ತಬೇಕು, ಇಲ್ಲದಿದ್ದರೆ ಮತ್ತೆ ಸುಡುತ್ತದೆ. ಅದನ್ನು ಅವರು ನನಗೆ ಎರಡೇ ಮಾತಿನಲ್ಲಿ ತಿಳಿಸಿದರು. ಮುಂದಿನ ವಾರ ಹೇಳುತ್ತೇನೆ ಎಂದೆ.

ಮುಂದಿನ ವಾರವೂ ಅದನ್ನೇ ಹೇಳಿದೆ. "ಓಡ್ಸೋದು ಎಲ್ಲಿ, ಅದನ್ನ ಹೇಳ್ರಿ ಮಾಸ್ತರ" ಎಂದರು. "ಬಳ್ಳಾರಿ ಡಾಂಬರ್ ಮ್ಯಾಲಾದ್ರ ಎರಡು ಸಾಕು. ನಿಮ್ಮ ಕುರುಗೋಡ ಗುಡ್ಡ ಹತ್ತಸ್ತೀರಂದ್ರ ನಾಕು ಬೇಕು. ನಮ್ಮೂರ ಎರಿ ಮಣ್ಣಾಗ, ಅದೂ ಮಳಿ ಬಂದಾಗ ಅಂದ್ರ ಎರಡೂ ಬ್ಯಾಡ, ಮನ್ಯಾಗ ಕುಂದರ್ರಿ." ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಆ ನಗುವಿನಲ್ಲಿ ಸೇರಿಕೊಂಡವನು ನಾನು, ಆಮೇಲೆ ಮೂರು ತಿಂಗಳು ಪ್ರತಿ ಶನಿವಾರ ಆ ಬೆಂಚಿನ ಮೇಲಿದ್ದೆ. ಶನಿವಾರ ಊರಿಗೆ ಯಾಕೆ ಬರುವುದಿಲ್ಲವೆಂದು ಕೇಳುವ ಅವ್ವನಿಗೆ ಸ್ಪೆಷಲ್ ಕ್ಲಾಸು ಎಂದು ಸುಳ್ಳು ಹೇಳುತ್ತಿದ್ದೆ.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಅವರು ಸುತ್ತು ಎಣಿಸುವಾಗ ಯಾರೂ ಮಾತಾಡುವಂತಿಲ್ಲ. ಎಣಿಕೆ ತಪ್ಪಿದರೆ ಇಡೀ ಸುರುಳಿ ಬಿಚ್ಚಬೇಕು. ಯಾರಾದರೂ ಬಾಯಿ ತೆರೆಯುವ ಸುಳಿವು ಸಿಕ್ಕರೆ ಯಜಮಾನರ ತೋರುಬೆರಳು ಮೇಲೇಳುತ್ತಿತ್ತು. ಮಂಜುಗಣ್ಣಿನ ಅವರಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ. ಗಟ್ಟಿ ಗಂಟಲಿನ ರೈತರೂ ಆ ಬೆರಳಿಗೆ ಸುಮ್ಮನಾಗುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಎಣಿಸುತ್ತಿದ್ದ ಅವರನ್ನು ನೋಡುತ್ತ ಕೂರುತ್ತಿದ್ದೆ. ತುಟಿ ಅಲುಗುತ್ತಿತ್ತು, ದನಿ ಇಲ್ಲ. ತಾಮ್ರದ ತಂತಿ ಬೆರಳ ಸಂದಿನಿಂದ ಜಾರಿ ಜಾರಿ ಕಡಿಮೆಯಾಗುತ್ತಿತ್ತು. ನೂರು ತುಂಬಿದಾಗಲೊಮ್ಮೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಕೊನೆಯ ಗೆರೆ ಎಳೆದು ತಲೆಯೆತ್ತಿದಾಗ ಮೊದಲು ನೋಡುತ್ತಿದ್ದದ್ದು ನನ್ನ ಕಡೆಗೆ. ಇದು ನನ್ನ ಭ್ರಮೆಯಲ್ಲ... ಭ್ರಮೆಯಾಗಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ನನಗೆ ಅವರು ಇಷ್ಟವಾಗಿದ್ದರು. ಅವರಿಗೂ ನಾನು ಬೇಡವಾಗಿರಲಿಲ್ಲ. ಗಾಲಿಯ ಲೆಕ್ಕ ಬಗೆಹರಿದರೆ ಮೋಟರ್ ಸಿದ್ಧವಾಗುತ್ತದೆ, ಸಿದ್ಧವಾದರೆ ಸಿರುಗುಪ್ಪಕ್ಕೆ ಬರಲು ನೆಪವಿಲ್ಲ. ಅದಕ್ಕೇ ನಾನು ಆರಿಸದೆ ಎಳೆದಾಡುತ್ತಿದ್ದೆ. ಇಷ್ಟು ಸರಳ. ಜಾತಿ ಅಡ್ಡ ಬಂತು, ಮನೆಯವರು ಒಪ್ಪಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲವೂ ನನಗಿಲ್ಲ. ಎರಡೂ ಮನೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರು. ಯಜಮಾನರು ನಮ್ಮ ತಂದೆಯ ಹೆಸರು ಕೇಳಿ, "ಗೊತ್ತಿದ್ದ ಮಂದಿ" ಎಂದು ತಲೆದೂಗಿದ್ದರು. ಅಡ್ಡ ನಿಂತವನು ನಾನೊಬ್ಬನೇ.

ಒಂದು ಶನಿವಾರ ಹೋದಾಗ ಪರದೆ ಪೂರ್ತಿ ಸರಿದಿತ್ತು. ದೇಶನೂರಿನ ರೈತರೊಬ್ಬರು ಬೆಂಚಿನ ತುದಿಯಲ್ಲಿ ಕಾಯುತ್ತಿದ್ದರು. ಸಸಿಮಡಿ ಒಣಗುತ್ತಿದೆ, ಮೋಟರ್ ಇವತ್ತೇ ಬೇಕು ಎಂದು ಅವರ ಒತ್ತಾಯ. ಯಜಮಾನರ ಮಗಳು ನನ್ನ ಮೋಟರಿನ ಆರ್ಮೇಚರನ್ನು, ತಂತಿ ಸುತ್ತಬೇಕಾದ ಆ ಪುಟ್ಟ ತಿರುಗುಗುಂಡನ್ನು, ಅಂಗೈಯಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದು, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು: "ಬುಧವಾರ ನನ್ನ ನೋಡಾಕ ಸಿಂಧನೂರಿಂದ ಬರ್ತಾರ್ರಿ. ಮುಂದ ಹೆಂಗೋ ಏನೋ. ಇವತ್ತ ಹೇಳಿಬಿಡ್ರಿ ಮಾಸ್ತರ."

ಅವರು ಕೇಳಿದ್ದು ಬರೀ ಗಾಲಿಯನ್ನಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಯಜಮಾನರೂ ಮುಖ ನನ್ನ ಕಡೆ ತಿರುಗಿಸಿ ಕಾಯುತ್ತಿದ್ದರು. "ಎರಡು... ಅಲ್ಲ, ನಾಕು ಅಂತ... ಬರೂ ವಾರ ಖಂಡಿತ ಹೇಳ್ತೀನಿ" ಎಂದೆ. ಅವರು ನನ್ನ ಆರ್ಮೇಚರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ, ರೈತರ ಪಂಪಿನ ಸುರುಳಿ ಹಿಡಿದು ಎಣಿಸತೊಡಗಿದರು.

ನಾನು ಎದ್ದು ನಿಂತೆ. ಈಗ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡೆ. ಬಾಯಿ ತೆರೆದೆ. ಯಜಮಾನರ ಬೆರಳು ಅಭ್ಯಾಸದಂತೆ ಮೇಲೆದ್ದಿತು. ನಾನು ಬಾಯಿ ಮುಚ್ಚಿಕೊಂಡೆ! ಕ್ಲಾಸಿನಲ್ಲಿ ಎಂಬತ್ತು ಹುಡುಗರನ್ನು ಸುಮ್ಮನಿರಿಸುವವನು ಒಂದು ಬೆರಳಿಗೆ ಸುಮ್ಮನಾದೆ. ಗೋಡೆಯ ಮೇಲೆ ಒಂದು ಗೆರೆ ಬಿತ್ತು, ಎರಡು ಬಿದ್ದವು. ಅವರು ತಲೆಯೆತ್ತಲಿಲ್ಲ. ಐದು ಗಂಟೆಯ ಬಸ್ಸಿನ ನೆನಪಾಗಿ ನಾನು ಹೊರಟುಬಿಟ್ಟೆ. ಹೆಚ್ಚೆಂದರೆ ಏನಾಗುತ್ತಿತ್ತು? ಎಣಿಕೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಮಂಗಳವಾರ ರಜೆ ಹಾಕಿ ಬಳ್ಳಾರಿಯ ಬಸ್‌ಸ್ಟ್ಯಾಂಡಿಗೆ ಹೋದೆ. ಮೊದಲು ಕುರುಗೋಡಿಗೆ ಹೋಗಿ ಅವ್ವನಿಗೆ ತಿಳಿಸಲೋ, ನೇರ ಸಿರುಗುಪ್ಪಕ್ಕೇ ಹೋಗಲೋ... ಎರಡೂ ಬಸ್ಸು ನನ್ನ ಕಣ್ಣ ಮುಂದೆಯೇ ಹೋದವು. ಚಹಾ ಕುಡಿದು ಕೋಣೆಗೆ ಮರಳಿದೆ. ನಾನು ನನ್ನನ್ನು ಬಹಳ ಬೈದುಕೊಂಡಿದ್ದೇನೆ, ಈಗಲೂ ಬೈದುಕೊಳ್ಳುತ್ತೇನೆ, ಅದರಿಂದ ಏನೂ ಉಪಯೋಗವಾಗಿಲ್ಲ.

ಶನಿವಾರ ಯಜಮಾನರು ನನ್ನ ಅಂಗೈಗೆ ಸಕ್ಕರೆ ಹಾಕಿದರು. ಸಿಂಧನೂರಿನವರು ಒಪ್ಪಿದ್ದರು, ಮಾತು ಮುಗಿದಿತ್ತು. ಅವರು ಪರದೆಯ ಆಚೆಯಿಂದ ಬಂದು ಮೋಟರ್ ಕೊಟ್ಟರು. ಹೊಸ ವಾರ್ನಿಶ್ಶಿಗೆ ಇನ್ನೂ ಹಸಿ ಹೊಳಪಿತ್ತು.

"ನಡಬರಕ ಸುತ್ತೀನ್ರಿ, ಎರಡಕ್ಕೂ ನಡೀತೈತಿ" ಎಂದರು. "ನಿಮಗ ಆರ್ಸಾಕ ಆಗಂಗಿಲ್ಲ ಅಂತ ತಿಳೀತು. ಓಡ್ತೈತಿ ಮಾಸ್ತರ. ಆದ್ರ ಜೋರೂ ಓಡಂಗಿಲ್ಲ, ಗುಡ್ಡಾನೂ ಹತ್ತಂಗಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು. ಕೆಲಸದ ವಿಷಯ ಹೇಳುವಂತೆಯೇ ಹೇಳಿ ಒಳಗೆ ಹೋದರು. ಸಕ್ಕರೆ ನನ್ನ ಅಂಗೈಯಲ್ಲೇ ಇತ್ತು. ಬಸ್ಸಿನಲ್ಲಿ ಅದು ಬೆವರಿಗೆ ಕರಗಿ ಅಂಟಂಟಾಯಿತು.

ಲಾರಿಯನ್ನು ಎರಡು ಗಾಲಿಯದಾಗಿ ಜೋಡಿಸಿದೆ. ಕುರುಗೋಡಿನ ಮನೆಯ ಮುಂದೆ ಓಡಿಸಿದಾಗ ಅದು ಅವರು ಹೇಳಿದ ಹಾಗೆಯೇ ಓಡಿತು. ಅಕ್ಕನ ಮಕ್ಕಳಿಗೆ ಕೊಟ್ಟುಬಿಟ್ಟೆ. ಮೂರು ವರ್ಷ ಕಳೆದ ಮೇಲೆ ನನ್ನ ಮದುವೆಯಾಯಿತು. ಹೆಣ್ಣು ಆರಿಸಿದವಳು ಅವ್ವ, ದಿನ ಆರಿಸಿದವರು ಸ್ವಾಮಿಗಳು. ನನ್ನ ಹೆಂಡತಿ ಒಳ್ಳೆಯವಳು. ಈ ಮನೆಯಲ್ಲಿ ಆರಿಸುವುದೆಲ್ಲ ಅವಳದೇ. ಅದಕ್ಕೇ ಮನೆ ನಡೆದಿದೆ ಎಂದು ಅವಳು ಹೇಳುವುದು ನಿಜ.

ಹೋದ ವರ್ಷ ನೆಂಟರ ಗೃಹಪ್ರವೇಶಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಎದುರಿನ ಹೋಟೆಲಿನ ಮುದುಕರಿಗೆ ಎಲ್ಲ ನೆನಪಿತ್ತು. ಯಜಮಾನರ ಮಗಳು ಸಿಂಧನೂರಿನಲ್ಲಿ ಸ್ವಂತ ವೈಂಡಿಂಗ್ ಅಂಗಡಿ ಇಟ್ಟಿದ್ದರಂತೆ, ಬೋರ್ಡಿನ ಮೇಲೆ ಅವರದೇ ಹೆಸರಿತ್ತಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಚಹಾ ಮುಗಿಸಿ, ಊಟಕ್ಕೆ ನಿಲ್ಲದೆ, ಬಳ್ಳಾರಿಗೆ ಬಂದುಬಿಟ್ಟೆ. ಅವರು ಚೆನ್ನಾಗಿ ಬದುಕಿದರು ಎಂದು ಕೇಳಿ ಸಂತೋಷವಾಯಿತು ಎಂದು ಬರೆದರೆ ಅರ್ಧ ನಿಜ. ಇನ್ನರ್ಧ, ಆ ಅಂಗಡಿಯ ಬೆಂಚಿನ ಮೇಲೆ ನಾನಿರಬೇಕಾಗಿತ್ತು ಎನ್ನುವ ಹೊಟ್ಟೆಯುರಿ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ.

ಈಗ ಕೇಳುವವರೂ ಇಲ್ಲ, ಕಾಯುವವರೂ ಇಲ್ಲ. ಆ ಶನಿವಾರ ನಾನು ಹೇಳಬೇಕಾಗಿದ್ದದ್ದು ದೊಡ್ಡ ಮಾತೇನಲ್ಲ. ಇಷ್ಟೇ: ಸಿಂಧನೂರಿನವರು ಬರೂದು ಬ್ಯಾಡ್ರಿ. ಮಂಗಳವಾರ ನಾನ ಬರ್ತೀನಿ, ನಮ್ಮವ್ವನ್ನ ಕರ್ಕೊಂಡು.