ಅತ್ತೆ ಹೂಡಿದ ದಾವೆ

ನಾನು ಮದುವೆಯಾಗಿ ಚಿನ್ನದ ಗಣಿಯ ಊರಿಗಾಂನ ಕಾರ್ಮಿಕರ ಲೈನು ಮನೆಗೆ ಬಂದಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ತಟ್ಟಿ ಗೋಡೆ, ತಗಡಿನ ಸೂರು, ಒಂದೇ ಕೋಣೆ. ಪಕ್ಕದ ಮನೆಯವರು ಒಗ್ಗರಣೆಗೆ ಏನು ಹಾಕಿದರೆಂದು ನಮಗೆ ತಿಳಿಯುತ್ತಿತ್ತು, ನಮ್ಮ ಮಾವನ ಕೆಮ್ಮು ಅವರಿಗೆ ಕೇಳುತ್ತಿತ್ತು. ಬೇತಮಂಗಲದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಎಲ್ಲವೂ ಹೊಸದು. ಪಾಳಿ ಬದಲಾಗುವಾಗ ಗಣಿಯ ಸಂಗು, ಅಂದರೆ ಸೈರನ್ನು, ಕೂಗುತ್ತಿತ್ತು. ಒಮ್ಮೊಮ್ಮೆ ನೆಲದಾಳದಲ್ಲಿ ಬಂಡೆ ಸಿಡಿದು ಗೂಡಿನ ಪಾತ್ರೆಗಳು ಗಲಗಲ ಅಲುಗುತ್ತಿದ್ದವು. ನಾನು ಬೆಚ್ಚಿಬಿದ್ದರೆ ಅತ್ತೆ ನಗುತ್ತಿದ್ದರು.

"ಎದರ್ಕೋಬ್ಯಾಡ ಕಣೇ, ಭೂಮ್ತಾಯಿ ಮಗ್ಗುಲು ಬದಲಾಯಿಸ್ತಾವ್ಳೆ."

ಮಾವ ಗಣಿಯೊಳಗೆ ಬಂಡೆ ಕೊರೆಯುವ ಯಂತ್ರ ಹಿಡಿಯುತ್ತಿದ್ದವರು. ನಾನು ಬರುವ ಹೊತ್ತಿಗೆ ಕೆಲಸ ಬಿಟ್ಟಿದ್ದರು. ನಲ್ಲಿಯವರೆಗೆ ನಡೆದರೂ ಉಸಿರು ಸಾಲುತ್ತಿರಲಿಲ್ಲ. ಮಲಗಿದರೆ ಕೆಮ್ಮು ಒತ್ತರಿಸುತ್ತಿದ್ದುದರಿಂದ ಗೋಡೆಗೆ ರಾಗಿ ಮೂಟೆ ನಿಲ್ಲಿಸಿಕೊಂಡು ಅದಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಆದರೂ ಸಂಜೆಯಾದರೆ ಅವರಿಗೆ ಹುರುಪು. "ಅಮ್ಮಯ್ಯಾ, ನಿಮ್ಮೂರಾಗೆ ಈಗ ಅವರೆ ಊ ಬಿಟ್ಟಿರ್ತದಲ್ವಾ?" ಎಂದು ಕೇಳುವರು. ನನ್ನ ಕೈಯ ಹುಚ್ಚೆಳ್ಳು ಚಟ್ನಿಯೆಂದರೆ ಅವರಿಗೆ ಪ್ರಾಣ. ಅದನ್ನು ಅರೆಯುವಾಗ ಇವತ್ತಿಗೂ ಅವರು ಎದುರಿಗೆ ಕೂತಿದ್ದಾರೆ ಅನ್ನಿಸುತ್ತದೆ.

ಎರಡನೆಯ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಂಪನಿಯ ಆಸ್ಪತ್ರೆಯವರು ಕ್ಷಯ ಎಂದರು. ಕಲ್ಲಿನ ದೂಳು ಎದೆಯಲ್ಲಿ ಕೂತು ಸತ್ತರೆ ಹೆಂಡತಿಗೆ ಕಂಪನಿ ಪರಿಹಾರ ಕೊಡಬೇಕಿತ್ತು. ಕ್ಷಯವಾದರೆ ಏನೂ ಇಲ್ಲ. ಅತ್ತೆ ಇದನ್ನು ಒಪ್ಪಲಿಲ್ಲ. ದಾವೆ ಹಾಕಬೇಕೆಂದರು. ನನ್ನ ಗಂಡನ ಮುಖ ಬಾಡಿತು. ಅವರೂ ಅದೇ ಗಣಿಯಲ್ಲಿ ಕೆಲಸಕ್ಕಿದ್ದರು.

"ನಾನೆಂಗಮ್ಮಾ ಆಕ್ಲಿ? ನಾಳೆ ಅಲ್ಲೇ ಓಗ್ಬೇಕಲ್ಲ ನಾನು."

"ನೀನ್ ಆಕ್‌ಬ್ಯಾಡ ಕಣ್ಲಾ. ಸತ್ತೋನು ನನ್ ಗಂಡ. ನಾನ್ ಆಕ್ತೀನಿ."

ಹೀಗೆ ಅತ್ತೆ ಸೊಸೆ ಇಬ್ಬರೂ ಬಂಗಾರಪೇಟೆಯ ವಕೀಲರ ಮನೆಗೆ ಅಲೆಯತೊಡಗಿದೆವು. ದುಃಖದ ಕೆಲಸಕ್ಕೆ ಹೊರಟವರು ನಾವು. ಆದರೆ ನಿಜ ಹೇಳುತ್ತೇನೆ, ನನ್ನ ಹರೆಯದಲ್ಲಿ ಆ ರೈಲು ಪ್ರಯಾಣಗಳಷ್ಟು ಸುಖದ ದಿನಗಳು ಬೇರೆ ಇಲ್ಲ. ಹೊರಡುವ ಮುಂಚೆ ಅತ್ತೆ ನನ್ನ ಜಡೆಗೆ ತಾವೇ ಕನಕಾಂಬರ ಮುಡಿಸುತ್ತಿದ್ದರು. ತಾವು ಮುಡಿಯುವಂತಿರಲಿಲ್ಲವಲ್ಲ, ನಾನು ಬೇಡವೆಂದರೆ, "ಸುಮ್ಕೆ ಮುಡ್ಕ. ಇಬ್ರೂ ಬೋಳುತಲೇಲಿ ಓದ್ರೆ ವಕೀಲ್ರು ಸೋತೋರು ಅಂದ್ಕಂಡಾರು" ಎಂದು ಗದರುವರು. ಹಬೆ ಬಂಡಿಯ ಮಸಿ ಕಣ್ಣಿಗೆ ಬೀಳುತ್ತಿತ್ತು. ಗಣಿಯ ಬೂದು ದಿಬ್ಬಗಳು ಹಿಂದೆ ಸರಿದು ಹುಣಸೆ ಮರ, ರಾಗಿ ಹೊಲ ಕಾಣಿಸಿದ ಕೂಡಲೆ ಅತ್ತೆ ಗಂಡನ ಮಾತು ತೆಗೆಯುತ್ತಿದ್ದರು. ಮದುವೆಯ ಹೊಸದರಲ್ಲಿ ಮಾವ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇವರನ್ನು ಕೂರಿಸಿ ವಡೆ ತರಲು ಹೋಗಿ ರೈಲನ್ನೇ ತಪ್ಪಿಸಿದ ಕಥೆಯನ್ನು ಎಷ್ಟು ಸಲ ಕೇಳಿದೆನೋ! ಮನೆಯಲ್ಲಿ ಅವರು ಅತ್ತೆ, ರೈಲಿನಲ್ಲಿ ಮಾತ್ರ ಗೆಳತಿ.

ವಕೀಲರು ವಯಸ್ಸಾದವರು, ಸಮಾಧಾನಿ. ಒಂದು ದಿನ ಅವರು ಹೇಳಿದರು: "ನೋಡಮ್ಮ, ನಿಮ್ಮ ಯಜಮಾನರ ಜೊತೆ ಅದೇ ಜಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಬಂದು ಅಲ್ಲಿ ದೂಳು ಎಷ್ಟಿತ್ತು ಅಂತ ಹೇಳಬೇಕು. ಇಲ್ಲದಿದ್ದರೆ ಕಷ್ಟ."

ಅಂಥವರು ಒಬ್ಬರೇ ಇದ್ದರು. ನಮ್ಮ ಪಕ್ಕದ ಮನೆಯ ಅಣ್ಣ. ಮನೆಮಾತು ತಮಿಳು. ಮಾವನ ಜೊತೆ ವರ್ಷಾನುಗಟ್ಟಲೆ ಒಂದೇ ಯಂತ್ರ ಹಿಡಿದವರು. ಅವರಿಗೂ ಕೆಮ್ಮು ಶುರುವಾಗಿತ್ತು, ಬಾಯಿಗೆ ಟವೆಲ್ ಒತ್ತಿಕೊಂಡು ಮುಚ್ಚಿಡುತ್ತಿದ್ದರು. ಗೊತ್ತಾದರೆ ಗಣಿಗೆ ಇಳಿಯಲು ಬಿಡುವುದಿಲ್ಲ, ಸಂಬಳ ಇಳಿಯುತ್ತದೆ.

ಅತ್ತೆ ಕೇಳಲು ಹೋದರು. ಅಣ್ಣ ತಲೆ ತಗ್ಗಿಸಿ ಕೂತರು, ಹೆಂಡತಿ ಸಿಡಿದೆದ್ದಳು.

"ಅಕ್ಕಾ, ನಿನ್ ಗಂಡ ಸತ್ತೋದ. ನನ್ ಗಂಡಂದು ಕೆಲ್ಸಾನೂ ಓಗ್ಬೇಕಾ? ಮಕ್ಳು ಚಿಕ್ಕೋವು."

ಅತ್ತೆ ಎದ್ದು ಬಂದರು. ಒಲೆಗೆ ಸೌದೆ ತುರುಕುತ್ತಾ, "ಅವಳೇಳಿದ್ದು ಸರಿ ಕಣೇ. ಇನ್ನ ಕೇಳ್‌ಬಾರ್ದು" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ವಿಚಾರಣೆಯ ದಿನ ನಾವಿಬ್ಬರೂ ಸ್ಟೇಷನ್ನಿಗೆ ಬಂದಾಗ ಅಣ್ಣ ಒಗೆದ ಬಿಳಿ ಅಂಗಿ ತೊಟ್ಟು ಬೇವಿನ ಮರದ ಕೆಳಗೆ ನಿಂತಿದ್ದರು.

"ನೀ ಯಾಕಪ್ಪಾ ಬಂದೆ?" ಎಂದರು ಅತ್ತೆ, ಗಾಬರಿಯಿಂದ.

"ಬತ್ತೀನಿ ಅಕ್ಕಾ. ಮನೇಲಿ ಏಳ್ಬಿಟ್ಟೇ ಬಂದಿದ್ದೀನಿ. ಅತ್ಳು. ಅಳ್ಲಿ."

ಪರಿಹಾರದ ಅಧಿಕಾರಿ ಬಂಗಾರಪೇಟೆಯ ಸರ್ಕಾರಿ ಬಂಗಲೆಗೆ ಬಂದಿದ್ದರು. ಮೊದಲೆಲ್ಲ ನೀರು ಬಿಡದೆ ಒಣಗಲ್ಲನ್ನೇ ಕೊರೆಯುತ್ತಿದ್ದೆವು, ಎದುರಿಗಿದ್ದವನ ದೀಪವೂ ಕಾಣುತ್ತಿರಲಿಲ್ಲ ಎಂದು ಅಣ್ಣ ಹೇಳಿದರು. ಕಂಪನಿಯ ಕಡೆಯ ವಕೀಲರು ಕೇಳಿದರು: "ಆತ ದೂಳಿನಿಂದಲೇ ಸತ್ತ, ಕ್ಷಯದಿಂದ ಅಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಕೆಮ್ಮು ಬಂತು. ಆ ದಿನ ಟವೆಲ್ ಒತ್ತಿಕೊಳ್ಳಲಿಲ್ಲ. ಕೆಮ್ಮಿ ಮುಗಿಸಿ ಹೇಳಿದರು: "ಅವ್ರು ಕುಡ್ದ ದೂಳೇ ನಾನೂ ಕುಡ್ದಿದ್ದೀನಿ ಸಾಮಿ. ಅವ್ರಂತೂ ಇಲ್ಲ. ನನ್ ಎದೆ ಪಟ ತೆಗ್ಸಿ ನೋಡಿ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಧಿಕಾರಿ ಅಣ್ಣನ ಎದೆಯ ಪರೀಕ್ಷೆ ಮಾಡಿಸಿದರು. ಕಲ್ಲಿನ ದೂಳು ಇತ್ತು. ಮಾವನ ಹಳೆಯ ಎಕ್ಸ್‌ರೇಯನ್ನು ಬೇರೆ ಡಾಕ್ಟರುಗಳು ಮತ್ತೆ ನೋಡಿ, ಕ್ಷಯ ಬಂದದ್ದು ನಿಜ, ಆದರೆ ಅದಕ್ಕೆ ಜಾಗ ಮಾಡಿಕೊಟ್ಟದ್ದು ದೂಳು ಎಂದರು. ಅತ್ತೆಗೆ ಪರಿಹಾರ ಬಂತು. ಆಂಡರ್ಸನ್‌ಪೇಟೆಯಲ್ಲಿ ಗಟ್ಟಿ ಗೋಡೆಯ ಸಣ್ಣ ಮನೆ ಕೊಳ್ಳುವಷ್ಟಾಯಿತು. ಆದರೆ ಅತ್ತೆ ಒಪ್ಪಿ ನಾವೆಲ್ಲ ಅಲ್ಲಿಗೆ ಹೋಗಲು ವರ್ಷವೇ ಹಿಡಿಯಿತು. ಅಣ್ಣನನ್ನು ಗಣಿಗೆ ಇಳಿಸುವುದನ್ನು ನಿಲ್ಲಿಸಿ ಮೇಲೆ ಕಾರ್ಮಿಕರಿಗೆ ದೀಪ ಕೊಡುವ ಕೋಣೆಗೆ ಹಾಕಿದ್ದರು. ಸಂಬಳ ಕಡಿಮೆಯಾಗಿತ್ತು. ಅವರ ಹೆಂಡತಿ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಅವಳು ಮಾತಾಡ್ಸೋಗಂಟ ನಾನೆಲ್ಲಿಗೂ ಬರಾಕಿಲ್ಲ" ಎಂದರು ಅತ್ತೆ.

ನನಗೆ ಹೆರಿಗೆ ನೋವು ಬಂದ ಬೆಳಿಗ್ಗೆ ಮೊದಲು ಓಡಿಬಂದವಳು ಅವಳೇ. ಬಿಸಿನೀರು ಕಾಯಿಸಿದಳು, ಸೂಲಗಿತ್ತಿಯನ್ನು ಕರೆಸಿದಳು. ಮಗಳು ಹುಟ್ಟಿದ ಮೇಲೆ ಮಗುವನ್ನು ಅತ್ತೆಯ ಕೈಗೆ ಕೊಡುತ್ತಾ, "ಅಕ್ಕಾ, ಮೂಗು ಮಾತ್ರ ನಿಂದೇ" ಎಂದಳು. ಇಬ್ಬರೂ ಅತ್ತರು, ಆಮೇಲೆ ಯಾಕೆ ನಕ್ಕರೋ.

ಅಣ್ಣ ಇನ್ನೂ ಕೆಲವು ವರ್ಷ ಬದುಕಿದರು. ಅವರು ಹೋದಾಗ ಕಂಪನಿಯವರು ಕ್ಷಯದ ಮಾತು ಎತ್ತಲಿಲ್ಲ, ಹೆಂಡತಿ ಪರಿಹಾರಕ್ಕಾಗಿ ಯಾವ ವಕೀಲರ ಬಾಗಿಲಿಗೂ ಹೋಗಬೇಕಾಗಲಿಲ್ಲ. ಆಂಡರ್ಸನ್‌ಪೇಟೆಯ ನಮ್ಮ ಜಗಲಿಯ ಮೇಲೆ ಸಂಜೆ ಅವರಿಬ್ಬರೂ ಕೂರುತ್ತಿದ್ದರು. ಅತ್ತೆ ಕನ್ನಡದಲ್ಲಿ ಹೇಳುವರು, ಅವಳು ತಮಿಳಿನಲ್ಲಿ ಉತ್ತರ ಕೊಡುವಳು. ಸತ್ತ ಗಂಡಂದಿರಲ್ಲಿ ಯಾರ ಗೊರಕೆ ಹೆಚ್ಚು ಎಂಬ ಜಗಳ ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ.